ಏಣಿ ಹತ್ತಿದವನು

ಷಿಕಾಗೋ ಪಕ್ಕದ ಲೊಂಬಾರ್ಡ್‌ನಿಂದ ಬೆಳಿಗ್ಗೆ ಹೊರಟು, ಕಲಮಜೂ ಊರು ದಾಟಿ ಸ್ವಲ್ಪ ದೂರ ಬಂದಿದ್ದೆವು. ಶೇಷಗಿರಿ ಕಾರಿನ ರೇಡಿಯೋ ಆರಿಸಿ, "ನನ್ನ ಕೈಲಿ ಆಗಲ್ಲ ಪ್ರಭಾ" ಅಂದರು.

ಏನು ಆಗುವುದಿಲ್ಲ ಎಂದು ನಾನು ಕೇಳಲಿಲ್ಲ. ಕನ್ನಡಿಯಲ್ಲಿ ಅವರ ಕಣ್ಣು ಇದ್ದದ್ದು ಹಿಂದಿನ ಸೀಟಿನ ಮೇಲೆ, ನನಗೂ ಡಾಕ್ಟರ್ ಶಿವಬಸಪ್ಪನವರಿಗೂ ನಡುವೆ ಹಳೆಯ ಬೆಡ್‌ಶೀಟ್ ಹೊದ್ದು ನಿಂತಿದ್ದ ಪ್ಲೈವುಡ್ ಹಲಗೆಯ ಮೇಲೆ. ಅವತ್ತು ಸಂಜೆಯೊಳಗೆ, ಡೆಟ್ರಾಯಿಟ್ ಪಕ್ಕದ ಸೌತ್‌ಫೀಲ್ಡ್‌ನ ಒಂದು ಸ್ಕೂಲಿನ ಸಭಾಂಗಣದಲ್ಲಿ, ಕನ್ನಡಿಗರು ತುಂಬಿದ ಸಭೆಯ ಎದುರು, ಅವರು ಏಣಿ ಹತ್ತಿ ಆ ಹಲಗೆಯನ್ನು ಕೊಡಲಿಯಿಂದ ಒಡೆಯಬೇಕಾಗಿತ್ತು.

"ಈಗ ಹೇಳ್ತಿದೀರಾ?" ಅಂದಳು ಮುಂದಿನ ಸೀಟಿನಲ್ಲಿ ಕೂತಿದ್ದ ಅವರ ಹೆಂಡತಿ ಕೌಸಲ್ಯಾ. "ಲೊಂಬಾರ್ಡ್‌ನಲ್ಲಿ ಕಾರು ಹತ್ತೋಕೆ ಮುಂಚೆ ಹೇಳಿದ್ರೆ ನಾಲಿಗೆ ಸವೆದುಹೋಗ್ತಿತ್ತಾ?"

"ಲೊಂಬಾರ್ಡ್‌ನಲ್ಲಿ ಆಗತ್ತೆ ಅಂದ್ಕೊಂಡಿದ್ದೆ."

"ಕಲಮಜೂನಲ್ಲಿ ಏನಾಯ್ತಂತೆ?"

"ಏನೂ ಆಗ್ಲಿಲ್ಲ ಕಣೇ. ಹಿಂದೆ ಲಾರಿ ಬಂತಾ ಅಂತ ಕನ್ನಡೀಲಿ ನೋಡ್ದೆ. ಬೆಡ್‌ಶೀಟ್ ಜಾರಿದೆ. ಒಂದು ಕಣ್ಣು ಕಾಣ್ತಿದೆ."

ನಾನು ತಿರುಗಿದೆ. ನಿಜ. ಕಿವಿಯವರೆಗೆ ಎಳೆದಿದ್ದ ಉದ್ದನೆಯ ಕಣ್ಣೊಂದು ಬಟ್ಟೆಯ ಅಂಚಿನಿಂದ ಮಿಷಿಗನ್‌ನ ಬೋಳು ಹೊಲಗಳನ್ನು ನೋಡುತ್ತಿತ್ತು. ಡಾಕ್ಟರು ಬಟ್ಟೆಯನ್ನು ಮೇಲಕ್ಕೆ ಎಳೆದರು.

"ತಗೋರಿ, ಮುಚ್ಚೀನಿ. ಶೇಷಗಿರಿಯವರ, ನೀವು ಮೊದಲ ಗಾಡಿ ಸರಿಯಾಗಿ ಹೊಡೀರಿ. ದೇವರನ್ನ ಒಡಿಯೂದು ಆಮ್ಯಾಲ ನೋಡೋಣಂತ."

ನಾಟಕ ಬರೆದವಳು ನಾನು. ಷಿಕಾಗೋದ ವಿಶ್ವವಿದ್ಯಾಲಯದಲ್ಲಿ ಎಂಟನೆಯ ಶತಮಾನದ ಬೈಜಾಂಟಿಯಂ ಸಾಮ್ರಾಜ್ಯದ ಚರಿತ್ರೆ ಓದುತ್ತಿದ್ದೆ. ಅಲ್ಲಿನ ಲಿಯೋ ಎಂಬ ಚಕ್ರವರ್ತಿ ದೇವರ ಚಿತ್ರಗಳ ಪೂಜೆ ನಿಲ್ಲಬೇಕೆಂದು ಹಟ ಹಿಡಿದವನು. ಕಾನ್‌ಸ್ಟಾಂಟಿನೋಪಲ್ ಅರಮನೆಯ ಹೆಬ್ಬಾಗಿಲ ಮೇಲೆ ಕ್ರಿಸ್ತನ ಚಿತ್ರವೊಂದಿತ್ತು, ಅದನ್ನು ಇಳಿಸಲು ಅವನು ಆಳು ಕಳಿಸಿದ. ಆಳು ಏಣಿ ಹತ್ತಿ ಚಿತ್ರದ ಮುಖಕ್ಕೆ ಕೊಡಲಿ ಹಾಕಿದ. ಕೆಳಗೆ ಸೇರಿದ್ದ ಹೆಂಗಸರು ಏಣಿ ಎಳೆದರು, ಅವನು ಬಿದ್ದು ಸತ್ತ. ಹೀಗೆಂದು ಆಮೇಲಿನವರು ಬರೆದರು. ಹಾಗೇನೂ ನಡೆದಿರಲಿಕ್ಕಿಲ್ಲ ಎನ್ನುವವರೂ ಇದ್ದಾರೆ. ನನಗೆ ಅದು ನಡೆದಷ್ಟೇ ಸ್ಪಷ್ಟವಾಗಿ ಕಾಣುತ್ತಿತ್ತು.

ಚಕ್ರವರ್ತಿಯ ಪರವಾಗಿ ಬರೆದೆನೇ ಎಂದರೆ ಹೌದು. ಮೈಸೂರಿನ ನಮ್ಮ ಮನೆಯಲ್ಲಿ ದಸರೆಗೆ ಮುಂಚೆ ಸುಣ್ಣ ಬಳಿಯುವಾಗ ಗೋಡೆಯ ದೇವರ ಪಟಗಳನ್ನೆಲ್ಲ ಇಳಿಸಿ ಮಂಚದ ಮೇಲೆ ಪೇರಿಸುತ್ತಿದ್ದರು. ಹೊಗೆ ಹಿಡಿದ ಗೋಡೆಯಲ್ಲಿ ಪಟಗಳಿದ್ದ ಕಡೆ ಮಾತ್ರ ಬಿಳಿಯ ಚೌಕಗಳು ಉಳಿಯುತ್ತಿದ್ದವು. ಆ ಎರಡು ದಿನ ಮನೆಯಲ್ಲಿ ದನಿ ಬೇರೆ ಥರ ಕೇಳಿಸುತ್ತಿತ್ತು. ಜಗಳವಾಡುವವರೂ ಮೆಲ್ಲಗೆ ಮಾತಾಡುತ್ತಿದ್ದರು. ನಾನು ಆ ಚೌಕಗಳ ಎದುರು ಹೋಗಿ ಕೂತುಬಿಡುತ್ತಿದ್ದೆ. ಅಲ್ಲಿ ಏನಿತ್ತೆಂದು ಯಾರಿಗೂ ಹೇಳಲಾಗಲಿಲ್ಲ. ನಾಟಕ ಬರೆದದ್ದು ಆ ಒಂದು ಚೌಕಕ್ಕಾಗಿ. ಚಿತ್ರ ಉರುಳುತ್ತದೆ, ಗೋಡೆ ಖಾಲಿಯಾಗುತ್ತದೆ, ಚಕ್ರವರ್ತಿ ನಾಲ್ಕು ಮಾತು ಆಡುತ್ತಾನೆ, ಆಮೇಲೆ ಯಾರೂ ಏನೂ ಹೇಳುವುದಿಲ್ಲ. ಸಭೆಯವರೆಲ್ಲ ಕೂತು ಆ ಖಾಲಿ ಗೋಡೆಯನ್ನು ನೋಡಬೇಕು. ನನಗೆ ಬೇಕಾಗಿದ್ದದ್ದು ಇಷ್ಟೇ. ಇದಕ್ಕಾಗಿ ಆರು ತಿಂಗಳು ಗೋಗರೆದಿದ್ದೆ.

ಯಾಕೆಂದರೆ ನಮ್ಮ ಯುಗಾದಿ ಸಮಾರಂಭಗಳಲ್ಲಿ ಗಂಡಹೆಂಡಿರ ಜಗಳದ ನಗೆನಾಟಕ ಬಿಟ್ಟು ಬೇರೇನೂ ಆಡಿದ್ದಿಲ್ಲ. "ಕೊನೆಗೆ ಸುಮ್ಮನೆ ಗೋಡೆ ನೋಡ್ಬೇಕಾ? ಮುನ್ನೂರು ಮೈಲಿ ಡ್ರೈವ್ ಮಾಡ್ಕೊಂಡು ಬಂದು?" ಎಂದು ಸಮಿತಿಯವರು ಕೇಳಿದ್ದರು. ನನ್ನ ಪರವಾಗಿ ಕಾದಾಡಿದವಳು ಕೌಸಲ್ಯಕ್ಕ. ಈ ವರ್ಷ, ಎಪ್ಪತ್ತಾರರ ಯುಗಾದಿಗೆ, ಷಿಕಾಗೋದವರೂ ಡೆಟ್ರಾಯಿಟ್‌ನವರೂ ಒಟ್ಟಿಗೆ ಸೇರುವಾಗ ಒಂದೇ ಒಂದು ಸಲ ಆಡಿ, ಕೆಟ್ಟರೆ ಮತ್ತೆ ಯಾವತ್ತೂ ಕೇಳಬೇಡಿ ಎಂದು ಒಪ್ಪಿಸಿದ್ದಳು.

ಚಿತ್ರ ಬರೆದವಳೂ ಅವಳೇ. ಬೈಜಾಂಟಿಯಂನ ಚಿತ್ರಗಳ ಪುಸ್ತಕ ತಂದುಕೊಟ್ಟಿದ್ದೆ. ಅವಳು ಒಮ್ಮೆ ತಿರುವಿ ಹಾಕಿ ಪಕ್ಕಕ್ಕಿಟ್ಟು, ತನ್ನ ಅಜ್ಜ ಕಲಿಸಿದ ಮೈಸೂರು ಶೈಲಿಯಲ್ಲಿ ಬರೆದಳು. ಪ್ರಭಾವಳಿಗೆ ಉಬ್ಬು ಕೆಲಸ, ಅದರ ಮೇಲೆ ಚಿನ್ನದ ಬಣ್ಣದ ಹಾಳೆ, ಸ್ವಲ್ಪ ನೀಲಿ ಛಾಯೆಯ ಗಡ್ಡದ ಮುಖ. ಕಣ್ಣು ಮಾತ್ರ ಕೊನೆಗೆ, ಒಂದು ಶುಕ್ರವಾರ ತಲೆಗೆ ಸ್ನಾನ ಮಾಡಿಕೊಂಡು ಬರೆದಳು. ಒಡೆಯೋ ಹಲಗೆಗೆ ಸ್ನಾನ ಯಾಕೆ ಎಂದು ನಾನು ಕೇಳಿದ್ದೆ. "ಕೈ ಹಾಗೇ ಅಭ್ಯಾಸ ಆಗಿದೆ ಕಣೇ" ಅಂದಿದ್ದಳು. ಹಲಗೆ ಒಂದೇ ಏಟಿಗೆ ಎರಡಾಗುವ ಹಾಗೆ ಶೇಷಗಿರಿ ಹಿಂಬದಿಯಲ್ಲಿ ಗರಗಸದಿಂದ ಸೀಳು ಹಾಕಿದ್ದರು. ಅವರು ಕಾರ್ಖಾನೆಯೊಂದರಲ್ಲಿ ಅಚ್ಚುಗಳನ್ನು ವಿನ್ಯಾಸ ಮಾಡುವ ಎಂಜಿನಿಯರ್. ಸೀಳು ಅಳತೆ ಹಿಡಿದ ಹಾಗಿತ್ತು.

ಎಡವಟ್ಟಾದದ್ದು ಅಭ್ಯಾಸದ ಮೊದಲ ಶನಿವಾರ, ಅವರ ಮನೆಯ ನೆಲಮಾಳಿಗೆಯಲ್ಲಿ. ಪೂಜೆ ಮಾಡದೆ ನಾಟಕ ಶುರು ಮಾಡುವವರು ನಮ್ಮಲ್ಲಿ ಯಾರು? ಮೊದಲು ರಂಗಕ್ಕೆ ಬರುವ ಪಾತ್ರಧಾರಿಯೇ ಆರತಿ ಎತ್ತುವುದು ನಮ್ಮ ತಂಡದ ಪದ್ಧತಿ. ಆವತ್ತು ಗಣಪತಿಯ ಪಟ ತರಲು ಎಲ್ಲರೂ ಮರೆತಿದ್ದರು. "ಇಲ್ಲೇ ಒಬ್ಬ ದೇವರಿದಾನಲ್ಲ, ಇವನೇನು ಬೇರೆಯವನಾ" ಎಂದು ಯಾರೋ ಅಂದರು. ಮೊದಲು ರಂಗಕ್ಕೆ ಬರುವವನು ಸಿಪಾಯಿ, ಏಣಿ ಹತ್ತುವ ಆಳು. ಹಾಗಾಗಿ ಶೇಷಗಿರಿಯೇ ಕರ್ಪೂರ ಹಚ್ಚಿದರು. ಮುಂದಿನ ಶನಿವಾರವೂ ಹಚ್ಚಿದರು. ಆಮೇಲೆ ಅದೇ ವಾಡಿಕೆಯಾಯಿತು. ಯಾರೋ ಹಣೆಗೆ ಕುಂಕುಮ ಇಟ್ಟರು, ಇನ್ಯಾರೋ ಬಾಳೆಹಣ್ಣು ತಂದಿಟ್ಟರು. ಹಲಗೆ ಒಂದೇ ಇದ್ದದ್ದರಿಂದ ಒಡೆಯುವ ಅಭ್ಯಾಸವನ್ನು ಗಾಳಿಯಲ್ಲೇ ಮಾಡುತ್ತಿದ್ದೆವು. ಯಾರಿಗೂ ಏನೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ವಿಗ್ರಹ ಒಡೆದವರ ಬಗ್ಗೆ ಪುಸ್ತಕಗಳ ರಾಶಿಯನ್ನೇ ಓದಿದ್ದವಳು ಆ ಊದುಬತ್ತಿಯ ಹೊಗೆಯಲ್ಲೇ ಕೂತು ಮಾತು ತಿದ್ದುತ್ತಿದ್ದೆ.

"ಯಾರು ನಿಮಗೆ ವಾರ ವಾರ ಕರ್ಪೂರ ಹಚ್ಚಿ ಅಂದೋರು?" ಎಂದು ಕೌಸಲ್ಯಾ ಈಗ ಗಂಡನನ್ನು ಕೇಳುತ್ತಿದ್ದಳು. "ಮನೇಲಿ ದೇವರ ಕೋಣೆ ಕಡೆ ತಲೆ ಹಾಕಿ ಮಲಗಲ್ಲ. ಇಲ್ಲಿ ದೊಡ್ಡ ಭಕ್ತ."

"ಅದೇ ನಂಗೂ ಅರ್ಥ ಆಗ್ತಿಲ್ಲ ಮಾರಾಯ್ತಿ. ಮನೇಲಿ ನೀನು ಮಾಡ್ತೀಯ, ನಾನು ತಪ್ಪಿಸ್ಕೋತೀನಿ. ಇಲ್ಲಿ ನಾನೇ ಮಾಡಿಬಿಟ್ಟೆ."

"ನನಗೇನೂ ಬೇಜಾರಿಲ್ಲ, ಹೊಡೀರಿ. ನಾನು ಬರೆದದ್ದು, ಇನ್ನೊಂದು ಬರೀತೀನಿ."

"ಡಾಕ್ಟ್ರು ಹೊಡೀಲಿ" ಅಂದರು ಶೇಷಗಿರಿ. "ಅವರ ದೇವರು ಅವರ ಕೊರಳಲ್ಲೇ ಇದಾನೆ. ಗೋಡೆ ಮೇಲಿರೋರ ಚಿಂತೆ ಅವರಿಗೇನು?"

ಡಾಕ್ಟರು ಧಾರವಾಡದವರು. ಅಂಗಿಯ ಒಳಗಿನ ಲಿಂಗವನ್ನು ಅಭ್ಯಾಸಬಲದಿಂದ ಮುಟ್ಟಿಕೊಂಡು ನಕ್ಕರು. "ನಾ ಒಡೀತಿದ್ದೆ ಬಿಡ್ರಿ. ಆದ್ರ ನಾ ಚಕ್ರವರ್ತಿ ಅಲ್ರೀ? ಚಕ್ರವರ್ತಿನ ಏಣಿ ಹತ್ತಿದ್ರ ರಾಜ್ಯ ಯಾರು ಆಳೂದು? ಮತ್ತ ಕೌಸಲ್ಯಾಬಾಯಾರ ಕೈಯಾಗಿನ ಹೋಳಿಗಿ ತಿಂದು ಅವರು ಬರದದ್ದಕ್ಕ ಕೊಡಲಿ ಹಾಕಂದ್ರ ಹೆಂಗ್ರಿ?"

"ಸರಿ, ಹಾಗಾದ್ರೆ ವಿಸರ್ಜನೆ ಮಾಡೋಣ" ಅಂದಳು ಕೌಸಲ್ಯಾ. "ಅಕ್ಷತೆ ಹಾಕಿ, ಉತ್ತರಕ್ಕೆ ಒಂದು ಚೂರು ಸರಿಸಿ, ಹೋಗಿ ಬಾಪ್ಪಾ ಅಂದ್ರಾಯ್ತು. ಗಣೇಶನ್ನೇ ಬಾವಿಗೆ ಹಾಕ್ತೀವಲ್ಲ."

ಶೇಷಗಿರಿ ಲಾರಿಯೊಂದನ್ನು ಹಿಂದೆ ಹಾಕಿದರು. "ಗಣೇಶನ್ನ ನಾವೇ ಆವಾಹನೆ ಮಾಡಿ ಕರೆದಿರ್ತೀವಿ. ಕರೆದವರು ಕಳಿಸಬಹುದು. ಇವನನ್ನ ಯಾರು ಕರೆದ್ರು? ತಾನಾಗೇ ಬಂದು ಕೂತಿದಾನೆ. ಏನಂತ ಹೇಳಿ ಕಳಿಸ್ಲಿ?"

ನನಗೆ ನಾಟಕ ನಿಂತುಹೋಗುತ್ತದೆ ಎಂಬ ಹೆದರಿಕೆ ಒಂದು ಕಡೆ. ಇನ್ನೊಂದು ಕಡೆ, ಆ ಮಾತನ್ನು ಎಲ್ಲಾದರೂ ಬರೆದಿಟ್ಟುಕೊಳ್ಳಬೇಕೆಂಬ ಆಸೆ. ಲಿಯೋನ ಕಾಲದವರು ಮೂರು ನಾಲ್ಕು ತಲೆಮಾರು ವಾದ ಮಾಡಿದರು. ನಾನು ಓದಿದ್ದರಲ್ಲಿ ಹೀಗೆ ಕೇಳಿದವರು ಯಾರೂ ಇರಲಿಲ್ಲ.

"ಇನ್ನೊಂದು ಹಲಗೆ ಮಾಡೋಣ" ಅಂದೆ. "ಟೈಮ್ ಇದೆ. ಪೂಜೆ ಮಾಡಿರದ ಹಲಗೆ ಆದ್ರೆ ಹೊಡೀತೀರಾ?"

"ಅದಾದ್ರೆ ಹೊಡೀತೀನಿ. ಬರೀ ಹಲಗೆ ತಾನೇ."

ಆ್ಯನ್ ಆರ್ಬರ್ ಹತ್ತಿರ ಎಕ್ಸಿಟ್ ತೆಗೆದುಕೊಂಡು ಮರದ ಅಂಗಡಿಯೊಂದನ್ನು ಹುಡುಕಿದೆವು. ಶೇಷಗಿರಿ ಹಲಗೆ ಕೊಯ್ಯಿಸಿ, ಕಾರಿನ ಬಾನೆಟ್ ಮೇಲಿಟ್ಟು ಹಿಂಬದಿಗೆ ಸೀಳು ಹಾಕಿದರು. ಡಾಕ್ಟರು ಅಲ್ಲೇ ಕೊಂಡ ಬಣ್ಣದ ಡಬ್ಬಿಗಳನ್ನು ಹಿಡಿದು ನಿಂತರು. ಗಾಳಿ ಜೋರಾಗಿತ್ತು, ಕೌಸಲ್ಯಾಳ ಸೆರಗು ಹಸಿ ಬಣ್ಣಕ್ಕೆ ತಾಗಿ ನೀಲಿಯಾಯಿತು. ಎಲ್ಲರೂ ಮಕ್ಕಳ ಹಾಗೆ ಗಡಿಬಿಡಿಯಲ್ಲಿದ್ದೆವು. ಮತ್ತೆ ಕಾರು ಹೊರಟಾಗ ಅವಳು ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಗಡ್ಡ ಬರೆಯುತ್ತಿದ್ದಳು. ಡಾಕ್ಟರು ಹಿಂದಿನಿಂದ, "ಸ್ವಲ್ಪ ಮೂಗು ಸೊಟ್ಟ ಆತ್ರಿ" ಎಂದು ರೇಗಿಸುತ್ತಿದ್ದರು. "ನಿಮ್ಮ ಕಿರೀಟ ಮೊದಲು ನೆಟ್ಟಗೆ ಇಟ್ಕೊಳಿ ಮಹಾಸ್ವಾಮಿ" ಎಂದು ಅವಳು ತಿರುಗಿಸಿ ಹೇಳುತ್ತಿದ್ದಳು.

ಸೌತ್‌ಫೀಲ್ಡ್‌ನ ಸ್ಕೂಲಿನ ಮುಂದೆ ಇಳಿಯುವಷ್ಟರಲ್ಲಿ ಡೆಟ್ರಾಯಿಟ್ ಸಂಘದ ಕಾರ್ಯದರ್ಶಿ ಇಂದುಮತಿಯವರು ರೇಷ್ಮೆ ಸೀರೆಯ ಮೇಲೆ ಓವರ್‌ಕೋಟು ತೊಟ್ಟು ಬಾಗಿಲಲ್ಲಿ ನಿಂತಿದ್ದರು.

"ಬನ್ನಿ ಬನ್ನಿ, ಷಿಕಾಗೋ ಮಹಾನುಭಾವರು. ಮುಂದಿನ ವರ್ಷದ ಯುಗಾದಿಗೆ ಬಂದ್ರೇನೋ?"

"ಇನ್ನೂ ಒಂದು ಗಂಟೆ ಇದೆಯಲ್ಲ ಇಂದುಮತಿಯವರೇ" ಅಂದೆ.

ಅವರು ತಮ್ಮ ಕೈಗಡಿಯಾರವನ್ನು ನನ್ನ ಮುಖಕ್ಕೆ ಹಿಡಿದರು. "ಮಿಷಿಗನ್‌ಗೆ ಬಂದ್ಮೇಲೆ ವಾಚ್ ಒಂದು ಗಂಟೆ ಮುಂದಿಟ್ಕೊಳ್ಳೋದು ಯಾವಾಗ ಕಲೀತೀರಿ ನೀವು? ನೀವು ಬಂದಾಗಲೆಲ್ಲ ಇದೇ ಗೋಳು. ನಿಮ್ಮ ತಂಡದ ಹೆಂಗಸರೆಲ್ಲ ಇನ್ನೊಂದು ಕಾರಲ್ಲಿ ಬಂದು ಆಗಲೇ ಬಣ್ಣ ಹಚ್ಕೊಂಡು ಕೂತಿದಾರೆ. ಮಕ್ಕಳ ಡ್ಯಾನ್ಸ್ ಮುಗೀತಾ ಬಂತು. ಮುಂದಿನದು ನೀವೇ."

ಒಳಗೆ ಓಡಿದೆವು. ರಂಗದ ಹಿಂದೆ ಬಟ್ಟೆಗಳು, ಬಣ್ಣ, ಮಕ್ಕಳ ಗೆಜ್ಜೆ. ಸ್ಕೂಲಿನ ಅಲ್ಯೂಮಿನಿಯಂ ಏಣಿಗೆ ಯಾರೋ ಕಂದು ಕಾಗದ ಸುತ್ತುತ್ತಿದ್ದರು. ನಮ್ಮ ಗೋಡೆ, ಮರದ ಚೌಕಟ್ಟಿಗೆ ಬಟ್ಟೆ ಬಿಗಿದದ್ದು, ಹೊಗೆ ಹಿಡಿದ ಬೂದು ಬಣ್ಣದಲ್ಲಿ ನಿಂತಿತ್ತು. ಚಿತ್ರ ತೂಗುವ ಜಾಗದಲ್ಲಿ ಮಾತ್ರ ನಾನು ಕೇಳಿದ ಬಿಳಿಯ ಚೌಕ. ಹೊಸ ಹಲಗೆಯನ್ನು ಅದರ ಮೇಲೆ ತೂಗುಹಾಕಿ ಹಿಂದೆ ಸರಿದು ನೋಡಿದೆ. ಅದಕ್ಕೆ ಕಣ್ಣಿರಲಿಲ್ಲ.

"ಕೌಸಲ್ಯಕ್ಕ, ಕಣ್ಣು?"

ಅವಳು ಕುಂಚ ಹಿಡಿದು ನಿಂತಿದ್ದಳು. "ಆಗ್ತಿಲ್ಲ ಕಣೇ. ಕೈ ಓಡ್ತಿಲ್ಲ. ಸ್ನಾನ ಇಲ್ಲ, ಏನಿಲ್ಲ, ಡಬ್ಬದ ಬಣ್ಣ, ಈ ಗದ್ದಲ. ಎರಡು ಚುಕ್ಕೆ ಇಡ್ತೀನಿ ಅಂದ್ರೂ ಆಗ್ತಿಲ್ಲ."

"ನಿಂಗೇನೂ ಬೇಜಾರಿಲ್ಲ ಅಂದಿದ್ದೆ."

"ಒಡೆಯೋಕೆ ಬೇಜಾರಿಲ್ಲ. ಬರೆಯೋದು ಬೇರೆ."

ನಾನು ಆ ಕಣ್ಣಿಲ್ಲದ ಮುಖವನ್ನು ನೋಡಿದೆ. ಅದನ್ನು ಒಡೆದರೆ ಸೌದೆ ಸೀಳಿದ ಹಾಗೆ. ಸಭೆಯವರಿಗೆ ಏನೂ ಆಗುವುದಿಲ್ಲ. ಗೋಡೆ ಖಾಲಿಯಾದದ್ದೂ ಗೊತ್ತಾಗುವುದಿಲ್ಲ, ಯಾಕೆಂದರೆ ಮುಂಚೆಯೂ ಅಲ್ಲಿ ಯಾರೂ ಇರಲಿಲ್ಲ. ಆಗ ಒಂದು ಸಂಗತಿ ಹೊಳೆಯಿತು. ಚಕ್ರವರ್ತಿಗೆ ನಾನು ಪುಟಗಟ್ಟಲೆ ಮಾತು ಕೊಟ್ಟಿದ್ದೆ. ಹೆಂಗಸರಿಗೆ ಶಾಪ, ಅಳು, ಕೂಗು ಎಲ್ಲ ಕೊಟ್ಟಿದ್ದೆ. ಏಣಿ ಹತ್ತಿದವನಿಗೆ ಒಂದು ಮಾತೂ ಇರಲಿಲ್ಲ. ಹಳೆಯ ಬರಹಗಾರರಿಗೂ ಅವನು ಹತ್ತಿದ್ದು, ಹೊಡೆದದ್ದು, ಬಿದ್ದದ್ದು ಅಷ್ಟೇ ಬೇಕಾಗಿತ್ತು. ಮೇಲೆ ಹೋದಾಗ ಆ ಕಣ್ಣುಗಳು ಅವನ ಕಣ್ಣಿನ ಮಟ್ಟಕ್ಕೆ ಬಂದಿರಬೇಕು. ಅವನೂ ಒಂದು ಕಾಲಕ್ಕೆ ಅದರ ಎದುರು ದೀಪ ಹಚ್ಚಿದ್ದನೇ? ಮೌನದ ಬಗ್ಗೆಯೇ ನಾಟಕ ಬರೆದವಳು ಆ ಮೌನವನ್ನು ನೋಡಿಯೇ ಇರಲಿಲ್ಲ.

ಹೊಸ ಹಲಗೆಯನ್ನು ಇಳಿಸಿದೆ. ಬೆಡ್‌ಶೀಟ್ ಬಿಚ್ಚಿ ಹಳೆಯದನ್ನು ತೂಗುಹಾಕಿದೆ. ಹಣೆಯ ಕುಂಕುಮ ಒರೆಸಲು ಹೋಗಿ ಬಿಟ್ಟೆ.

ಶೇಷಗಿರಿ ಸಿಪಾಯಿಯ ಚರ್ಮದ ಅಂಗಿ ತೊಟ್ಟು ಬಂದವರು ಅಲ್ಲೇ ನಿಂತುಬಿಟ್ಟರು. "ಏನಿದು?"

"ಇದನ್ನೇ ಹಾಕಿದೀನಿ."

"ನಾನು ಹೊಡೆಯಲ್ಲ ಅಂದೆನಲ್ಲ."

"ಹೊಡೀಬೇಡಿ. ಏಣಿ ಹತ್ತಿ. ಹತ್ತಿದ ಮೇಲೆ ನಿಮಗೆ ಏನು ಮಾಡೋಕಾಗತ್ತೋ ಅದು ಮಾಡಿ."

"ನಾಟಕ ಕೆಟ್ಟರೆ?"

"ಕೆಡಲಿ."

ಆ ಮಾತು ನನ್ನ ಬಾಯಿಂದಲೇ ಬಂದಿತ್ತು. ಡಾಕ್ಟರು ಕಿರೀಟ ಸರಿಮಾಡಿಕೊಳ್ಳುತ್ತ, "ಹಂಗಾರ ನಾ ಏನ್ ಮಾಡ್ಲಿ ಪ್ರಭಾ ಅವರ? ಚಿತ್ರ ಬೀಳಲಿಲ್ಲಂದ್ರ ನನ್ನ ಭಾಷಣ ಎಲ್ಲಿಂದ ಸುರು ಮಾಡೂದು?" ಅಂದರು.

"ಗೊತ್ತಿಲ್ಲ ಡಾಕ್ಟ್ರೇ. ನೋಡ್ಕೊಳ್ಳಿ."

"ಛಲೋ ಆತು" ಅಂದರು ಅವರು. ಅವರ ಕಣ್ಣಲ್ಲೂ ಹೊಳಪಿತ್ತು.

ಪರದೆ ಸರಿಯಿತು. ಅವಸರದಲ್ಲಿ ಅವತ್ತು ಪೂಜೆ ಮಾಡುವುದನ್ನೇ ಮರೆತಿದ್ದೆವು. ಮೊದಲ ದೃಶ್ಯಗಳು ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಹೋದವು. ಡಾಕ್ಟರ ಧಾರವಾಡದ ದನಿಗೆ ಸಭೆ ಮೊದಲು ನಕ್ಕು, ಆಮೇಲೆ ಕಿವಿಗೊಟ್ಟಿತು. "ಬಣ್ಣದಾಗ ಸಿಕ್ಕವ ದೇವರಲ್ಲ, ಬಣ್ಣ" ಎಂದು ಅವರು ಗುಡುಗಿದಾಗ ಹಿಂದಿನ ಸಾಲಿನಿಂದ ಒಬ್ಬರು "ಹೌದ್ ಹೌದು" ಅಂದರು. ನಾನು ರಂಗದ ಪಕ್ಕದ ಮರೆಯಲ್ಲಿ ಹಾಳೆಗಳನ್ನು ಹಿಡಿದು ನಿಂತಿದ್ದೆ. ಪರದೆಯ ಹಗ್ಗವೂ ನನ್ನ ಪಕ್ಕದಲ್ಲೇ ಇತ್ತು.

ಏಣಿ ಬಂತು. ಶೇಷಗಿರಿ ಹತ್ತಿದರು. ಕಾಗದ ಸುತ್ತಿದ ಮೆಟ್ಟಿಲುಗಳು ಪರಪರ ಸದ್ದು ಮಾಡಿದವು. ಮೇಲೆ ನಿಂತಾಗ ಅವರ ಮುಖವೂ ಚಿತ್ರದ ಮುಖವೂ ಎದುರುಬದುರಾದವು. ಕೆಳಗೆ ಕೌಸಲ್ಯಾ, ಅವಳ ಹಿಂದೆ ಐದಾರು ಹೆಂಗಸರು, ಏಣಿಯ ಕಾಲು ಹಿಡಿದುಕೊಂಡರು. ಹೊಡೆದ ಕೂಡಲೇ ಎಳೆಯಬೇಕು, ಅವರು ಪಕ್ಕದ ಹಾಸಿಗೆಯ ಮೇಲೆ ಹಾರಬೇಕು, ಹೀಗೆಂದು ಅಭ್ಯಾಸ.

ಅವರು ಕೊಡಲಿ ಎತ್ತಿದರು. ಇಳಿಸಿದರು. ಮತ್ತೆ ಎತ್ತಿದರು.

ಅವರ ತೋಳು ಗಾಳಿಯಲ್ಲೇ ನಿಂತುಹೋದದ್ದು ನನ್ನ ಜಾಗದಿಂದ ಚೆನ್ನಾಗಿ ಕಾಣುತ್ತಿತ್ತು. ಅದು ನಟನೆಯಲ್ಲ ಎಂದು ನನಗೆ, ಕೌಸಲ್ಯಾಳಿಗೆ, ಡಾಕ್ಟರಿಗೆ ಮಾತ್ರ ಗೊತ್ತಿತ್ತು. ಸಭೆಗೆ ಗೊತ್ತಾಗಬೇಕಾದ ಅಗತ್ಯವೇ ಇರಲಿಲ್ಲ.

ಮೂರನೆಯ ಸಾಲಿನಲ್ಲಿ ಒಂದು ಹುಡುಗಿಯ ದನಿ, "ಮಾಮ್, ಈಸ್ ಹಿ ರಿಯಲಿ ಗೋಯಿಂಗ್ ಟು ಬ್ರೇಕ್ ಇಟ್?" ಎಂದಿತು. ತಾಯಿ ಉತ್ತರ ಕೊಡುವ ಮುಂಚೆ, ಅವಳ ಪಕ್ಕದಲ್ಲಿದ್ದ ಒಬ್ಬ ಅಜ್ಜಿ, ಮಗಳ ಬಾಣಂತನಕ್ಕೆ ಮೈಸೂರಿನಿಂದ ಬಂದಿದ್ದವರಿರಬೇಕು, ಎದ್ದು ನಿಂತರು.

"ಬೇಡ ಕಣಪ್ಪಾ. ಇಳಿ ಕೆಳಗೆ."

ಯಾರೋ ನಕ್ಕರು. ಅಜ್ಜಿ ನಗಲಿಲ್ಲ. "ಯಾವ ದೇವರಾದ್ರೇನು. ಹಣೇಲಿ ಕುಂಕುಮ ಇದೆ, ಕಾಣಲ್ವಾ ನಿಂಗೆ? ಇಳಿ."

"ನಾಟಕ ಕಣ್ರೀ ಅದು, ಕೂತ್ಕೊಳ್ಳಿ" ಎಂದು ಇನ್ನೊಂದು ಮೂಲೆಯಿಂದ ಒಬ್ಬ ಯುವಕ. "ಹೊಡೀರಿ ಸಾರ್, ಕಥೇಲಿ ಹೊಡೀಬೇಕು."

"ನೀನು ಬಂದು ಹೊಡಿ ಹೋಗು, ಅಷ್ಟು ಇಷ್ಟ ಇದ್ರೆ" ಎಂದು ಅಜ್ಜಿ ಅವನತ್ತ ತಿರುಗಿದರು.

"ಚಕ್ರವರ್ತಿ ಹೇಳಿದಾನಲ್ಲ."

"ಅವನಿಗೇನಂತೆ, ಕೆಳಗೆ ನಿಂತು ಹೇಳ್ತಾನೆ. ಮೇಲೆ ಹತ್ತಿರೋನು ಇವನು."

ಸಾಲುಗಳು ಎದ್ದು ನಿಲ್ಲತೊಡಗಿದವು. ಬೇಡ ಎನ್ನುವವರು, ಹೊಡಿ ಎನ್ನುವವರು, ಸುಮ್ಮನಿರಿ ಎನ್ನುವವರು. ಕಾನ್‌ಸ್ಟಾಂಟಿನೋಪಲ್‌ನ ಆ ಹೆಬ್ಬಾಗಿಲಲ್ಲಿ ಸೇರಿದ್ದ ಗುಂಪನ್ನು ನಾನು ವರ್ಷಗಟ್ಟಲೆ ಓದಿದ್ದೆ. ಅದರ ಸದ್ದು ಹೇಗಿತ್ತೆಂದು ಈಗ ಕೇಳುತ್ತಿದ್ದೆ. ಇಂದುಮತಿಯವರು ರಂಗದ ಆಚೆ ಪಕ್ಕದಿಂದ ಪರದೆ ಎಳಿ ಎಂದು ಕೈ ಬೀಸುತ್ತಿದ್ದರು. ನಾನು ಅವರತ್ತ ನೋಡದ ಹಾಗೆ ನಿಂತೆ.

ಏಣಿಯ ಕೆಳಗೆ ಕೌಸಲ್ಯಾ ತಲೆ ಎತ್ತಿ, ತುಟಿ ಅಲುಗಿಸದೆ, "ರೀ, ಹೊಡೆಯೋದಾದ್ರೆ ಹೊಡೀರಿ, ಇಲ್ಲ ಅಂದ್ರೆ ಇಲ್ಲ ಅನ್ನಿ. ನನ್ನ ಕೈ ಸೋತೋಗ್ತಿದೆ" ಅಂದಳು.

ಶೇಷಗಿರಿ ಕೊಡಲಿಯನ್ನು ಕೈಬಿಟ್ಟರು. ಅದು ಹಾಸಿಗೆಯ ಮೇಲೆ ಬಿದ್ದು ಸದ್ದೇ ಆಗಲಿಲ್ಲ. ಎರಡೂ ಕೈ ಚಾಚಿ ಹಲಗೆಯನ್ನು ಕೊಕ್ಕೆಯಿಂದ ಬಿಡಿಸಿಕೊಂಡರು. ಹಿಂಬದಿಯ ಸೀಳು ಅವರದೇ ಕೆಲಸ, ಎಲ್ಲಿ ಹಿಡಿದರೆ ಮುರಿಯುವುದಿಲ್ಲ ಎಂದು ಅವರಿಗಷ್ಟೇ ಗೊತ್ತು. ಅದನ್ನು ಒಂದು ಗಳಿಗೆ ಎದೆಗೆ ಆನಿಸಿಕೊಂಡು, ಕಣ್ಣಿಗೊತ್ತಿಕೊಂಡರು. ಆಮೇಲೆ ಬಗ್ಗಿ ಕೆಳಗೆ ಕೊಟ್ಟರು. ಏಣಿ ಎಳೆಯಬೇಕಾದ ಕೌಸಲ್ಯಾ ಏಣಿಯನ್ನು ಮೊಣಕಾಲಲ್ಲಿ ಒತ್ತಿ ಹಿಡಿದು, ನೀಲಿಯಾದ ಸೆರಗು ಚಾಚಿ ಹಲಗೆಯನ್ನು ತೆಗೆದುಕೊಂಡಳು. ಉಳಿದ ಹೆಂಗಸರು ನಾನು ಬರೆದುಕೊಟ್ಟ ಶಾಪದ ಮಾತುಗಳನ್ನೆಲ್ಲ ಮರೆತು ಅವಳ ಸುತ್ತ ಕೂಡಿದರು. ಏನು ಮಾಡುವುದೆಂದು ಯಾರಿಗೂ ತಿಳಿದಿರಲಿಲ್ಲ. ಯಾರೂ ಹೇಳಲೂ ಇಲ್ಲ. ರಂಗದ ಮೆಟ್ಟಿಲಿಳಿದು ಸಭೆಯ ನಡುವಿನ ದಾರಿಯಲ್ಲಿ ಅದನ್ನು ಹೊತ್ತುಕೊಂಡು ನಡೆದರು. ಶೇಷಗಿರಿ ಇಳಿದು, ಬರಿಗೈಯಲ್ಲಿ, ಅವರ ಹಿಂದೆ ಹೋದರು.

ಸಭೆ ಪೂರ್ತಿ ಆ ಕಡೆ ತಿರುಗಿತು. ಅಜ್ಜಿ ಕೈ ಚಾಚಿ ಮುಟ್ಟಿದರು. ಹೊಡೀರಿ ಎಂದು ಕೂಗಿದ್ದ ಯುವಕ ದಾರಿ ಬಿಟ್ಟು ಸರಿದು ನಿಂತ. ಮಕ್ಕಳು ಕುರ್ಚಿ ಹತ್ತಿದರು. ಚಪ್ಪಾಳೆಯೋ, ಮಾತೋ, ಭಜನೆಯೋ, ಎಲ್ಲ ಸೇರಿದ ಒಂದು ಸದ್ದು ಹಿಂದಿನ ಬಾಗಿಲ ಕಡೆಗೆ ಹೊರಟಿತು.

ರಂಗದ ಮೇಲೆ ಗೋಡೆ ಇತ್ತು. ಬೂದು ಗೋಡೆಯಲ್ಲಿ ಬಿಳಿಯ ಚೌಕ, ನಾನು ಬೇಡಿದಷ್ಟೇ ಖಾಲಿ. ಅದನ್ನು ನೋಡುತ್ತಿದ್ದವರು ಇಬ್ಬರೇ. ಒಬ್ಬಳು ನಾನು. ಇನ್ನೊಬ್ಬರು ಕಿರೀಟ ತೊಟ್ಟು ಒಂಟಿಯಾಗಿ ನಿಂತಿದ್ದ ಡಾಕ್ಟರು. ಅವರು ಸಭೆಯ ಬೆನ್ನುಗಳನ್ನು ಒಮ್ಮೆ ನೋಡಿ, ಮೆಲ್ಲಗೆ ನನ್ನ ಕಡೆ ಸರಿದರು.

"ಪ್ರಭಾ ಅವರ, ಇದನ್ನ ಈಗ ಯಾರಿಗೆ ಹೇಳ್ಲಿ? ಎಲ್ಲಾರೂ ಆ ಕಡೆ ಹೊಂಟಾರ."

ನಾನು ಹಾಳೆಗಳನ್ನು ನೋಡಿದೆ. ಅವನ್ನು ಮಡಿಚಿ ಕಂಕುಳಲ್ಲಿ ಇಟ್ಟುಕೊಂಡೆ.

"ಗೋಡೆಗೆ ಹೇಳಿ" ಅಂದೆ.

ಅವರು ನನ್ನನ್ನೇ ದಿಟ್ಟಿಸಿ ನೋಡಿದರು. ನಗುತ್ತಾರೆಂದುಕೊಂಡೆ. ನಗಲಿಲ್ಲ. ಸಭೆಗೆ ಬೆನ್ನು ಮಾಡಿ ನಡೆದು, ಗೋಡೆಯ ಹತ್ತಿರ, ಕೈಗೆಟುಕುವಷ್ಟು ಹತ್ತಿರ ನಿಂತರು. ವಿಜಯದ ಭಾಷಣವೆಂದು ಗುಡುಗಿನ ದನಿಯಲ್ಲಿ ಅಭ್ಯಾಸ ಮಾಡಿದ್ದ ಮಾತುಗಳನ್ನು, ತಮ್ಮ ಊರಿನ ಮಾತಿನಲ್ಲಿ, ರೋಗಿಯ ಹಾಸಿಗೆಯ ಪಕ್ಕದಲ್ಲಿ ಕೂತು ವಿಚಾರಿಸುವ ಹಾಗೆ ಆಡಿದರು.

"ಇನ್ನ ಇಲ್ಲಿ ಯಾರೂ ಇಲ್ಲ. ನನ್ನ ನೋಡವರು ಯಾರೂ ಇಲ್ಲ. ಗ್ವಾಡಿ ಮ್ಯಾಲಿನ ನಿನ್ನ ಮಾರಿ ತಗಸೀನಿ, ಅಡ್ಡ ಬರೂದೆಲ್ಲ ತಗಸೀನಿ. ಈಗರೆ ಮಾತಾಡ್ತೀಯೇನು?"

ಬರೆದದ್ದು ನಾನೇ. ಅದು ಉತ್ತರ ಬೇಡುವ ಪ್ರಶ್ನೆ ಎಂದು ನನಗೆ ಗೊತ್ತಿರಲಿಲ್ಲ.

ಅವರು ಕಾದರು. ಹಿಂದಿನ ಬಾಗಿಲ ಹತ್ತಿರದ ಸದ್ದು ಹಾಗೇ ಇತ್ತು. ಮೂರನೆಯ ಸಾಲಿನಲ್ಲಿ ಆ ಹುಡುಗಿ, ಇಂಗ್ಲಿಷಿನಲ್ಲಿ ಪ್ರಶ್ನೆ ಕೇಳಿದ್ದವಳು, ಕುರ್ಚಿಯ ಮೇಲೆ ನಿಂತವಳು, ತಿರುಗಿ ರಂಗದ ಕಡೆ ನೋಡಿದಳು. ಅವಳ ತಾಯಿ ಅವಳ ಕೈ ಎಳೆದಳು. ಅವಳು ಬಿಡಿಸಿಕೊಂಡು ಕೂತಳು, ಚಕ್ರವರ್ತಿಯ ಬೆನ್ನನ್ನೂ ಅದರಾಚೆಯ ಬಿಳಿಯ ಚೌಕವನ್ನೂ ನೋಡುತ್ತ. ರಂಗದ ಆಚೆ ಪಕ್ಕದಲ್ಲಿ ಇಂದುಮತಿಯವರು ಮತ್ತೆ ಪರದೆ ಎಂದು ಸನ್ನೆ ಮಾಡಿದರು. ನಾನು ಈ ಸಲ ಅವರನ್ನು ನೋಡಿಯೇ, ಇಲ್ಲ ಎಂದು ತಲೆ ಆಡಿಸಿದೆ. ಡಾಕ್ಟರು ಇನ್ನೂ ಕಾಯುತ್ತಿದ್ದರು.